ಕೊರೊನಾ ಸೋಂಕು ಮತ್ತು ಮೂತ್ರಪಿಂಡಗಳು

ಕೊರೊನಾ ಎಂದೊಡನೆ ಜನಸಾಮಾನ್ಯರ ಮನಸ್ಸಿಗೆ ಬರುವುದು ಕೆಮ್ಮು, ಏದುಸಿರು ಮತ್ತು ಆಮ್ಲಜನಕದ ಸಿಲಿಂಡರು. ಇದು ಸಹಜವೇ ಆಗಿದೆ. ಈ ರೋಗ ಪ್ರಧಾನವಾಗಿ ಶ್ವಾಸಕೋಶಗಳನ್ನು ಬಾಧಿಸುವಂಥದ್ದು. ಆದರೆ ರೋಗ ಉಲ್ಬಣಿಸಿ ಆಸ್ಪತ್ರೆಗೆ ದಾಖಲಾದವರಲ್ಲಿ ಗಣನೀಯ ಸಂಖ್ಯೆಯ ಜನರಿಗೆ ಇದು ಮತ್ತೊಂದು ಅಂಗದ ಮೇಲೂ ಪೆಟ್ಟು ನೀಡಿತು. ಆ ಅಂಗವೇ ಮೂತ್ರಪಿಂಡ, ಅಂದರೆ ಆಡುಮಾತಿನಲ್ಲಿ ಕಿಡ್ನಿ.

ಶ್ವಾಸಕೋಶಕ್ಕೆ ತೊಂದರೆಯಾದರೆ ಅದು ರೋಗಿಗೂ ಅವನ ಮನೆಯವರಿಗೂ ಸಾಮಾನ್ಯವಾಗಿ ಬೇಗನೆ ತಿಳಿಯುತ್ತದೆ. ಮೂತ್ರಪಿಂಡಗಳ ವಿಷಯ ಹಾಗಲ್ಲ. ಅವುಗಳ ಶಕ್ತಿ ಅರ್ಧಕ್ಕೆ ಇಳಿದರೂ ನೋವು ಕಾಣಿಸಿಕೊಳ್ಳದೆ ಇರಬಹುದು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ 2020 ಮತ್ತು 2021ರಲ್ಲಿ ನಗರಗಳ ಅನೇಕ ಮನೆಗಳನ್ನು ಸೇರಿತು. ಮೂತ್ರಪಿಂಡಗಳ ಸ್ಥಿತಿಯನ್ನು ಹಾಗೆ ಕ್ಷಣಮಾತ್ರದಲ್ಲಿ ತೋರಿಸುವ ಸಾಧನ ಯಾರ ಮನೆಯಲ್ಲಿಯೂ ಇಲ್ಲ. ರಕ್ತ ಮತ್ತು ಮೂತ್ರದ ಪರೀಕ್ಷೆಯೊಂದೇ ಅದಕ್ಕೆ ಮಾರ್ಗ. ವಿಶ್ವ ಆರೋಗ್ಯ ಸಂಸ್ಥೆಯು ಈ ರೋಗದ ಜಾಗತಿಕ ತುರ್ತು ಪರಿಸ್ಥಿತಿ ಕೊನೆಗೊಂಡಿತೆಂದು 2023ರ ಮೇ 5ರಂದು ಘೋಷಿಸಿದೆ. ಆದರೂ ಆ ವರ್ಷಗಳಲ್ಲಿ ಆಸ್ಪತ್ರೆಯಲ್ಲಿದ್ದು ಗುಣಮುಖರಾಗಿ ಬಂದವರು, ಆ ಬಳಿಕ ಒಮ್ಮೆಯೂ ಈ ಪರೀಕ್ಷೆಯನ್ನು ಮಾಡಿಸಿಕೊಂಡಿರದಿದ್ದರೆ, ಅವರಿಗೆ ಈ ವಿಷಯ ಇಂದಿಗೂ ಪ್ರಸ್ತುತವಾಗಿದೆ.

ಮೂತ್ರಪಿಂಡಗಳ ಕಾರ್ಯ

ಬೆನ್ನಿನ ಹಿಂಭಾಗದಲ್ಲಿ, ಪಕ್ಕೆಲುಬುಗಳ ಕೆಳಗೆ, ಬೆನ್ನೆಲುಬಿನ ಇಬ್ಬದಿಗಳಲ್ಲಿ ಹುರುಳಿಕಾಯಿಯ ಬೀಜದ ಆಕಾರದ ಎರಡು ಮೂತ್ರಪಿಂಡಗಳಿವೆ. ಒಂದೊಂದರಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಸೋಸುಘಟಕಗಳಿರುತ್ತವೆ. ಇವುಗಳಿಗೆ ನೆಫ್ರಾನ್ ಎಂದು ಹೆಸರು. ಪ್ರತಿಯೊಂದು ನೆಫ್ರಾನಿನ ತುದಿಯಲ್ಲಿ ಕೂದಲಿಗಿಂತ ತೆಳುವಾದ ರಕ್ತನಾಳಗಳ ಒಂದು ಗೊಂಚಲು ಇದ್ದು, ಅದು ಜರಡಿಯಂತೆ ರಕ್ತವನ್ನು ಸೋಸುತ್ತದೆ. ಸೋಸಿದ ದ್ರವ ಅದರ ಮುಂದಿನ ನಾಳಿಕೆಯಲ್ಲಿ ಹರಿಯುವಾಗ ದೇಹಕ್ಕೆ ಬೇಕಾದ ನೀರು, ಲವಣ ಮತ್ತು ಸಕ್ಕರೆಯನ್ನು ನಾಳಿಕೆಯ ಗೋಡೆಯ ಜೀವಕೋಶಗಳು ಮರಳಿ ಹೀರಿಕೊಳ್ಳುತ್ತವೆ. ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವ ಹೀಗೆ ಸೋಸಲ್ಪಟ್ಟರೂ ಮೂತ್ರವಾಗಿ ಹೊರಬೀಳುವುದು ಒಂದೂವರೆ ಲೀಟರಿನ ಆಸುಪಾಸು ಮಾತ್ರ.

ಇಷ್ಟು ಕೆಲಸಕ್ಕಾಗಿ ಹೃದಯವು ಹೊರದೂಡುವ ರಕ್ತದ ಐದನೆಯ ಒಂದು ಭಾಗ ಈ ಎರಡು ಪುಟ್ಟ ಅಂಗಗಳಿಗೆ ಹರಿಯುತ್ತದೆ. ರಕ್ತದ ಹರಿವು ಕುಗ್ಗಿದಾಗ ಇವುಗಳಿಗೆ ಬೇಗನೆ ಪೆಟ್ಟು ಬೀಳಲು ಇದೇ ಕಾರಣ.

ನ್ಯೂಯಾರ್ಕ್ ಆಸ್ಪತ್ರೆಗಳ ಅನುಭವ

ಕೊರೊನಾ ಗುಂಪಿನ ವೈರಸ್ಸುಗಳು ಮೂತ್ರಪಿಂಡಗಳಿಗೆ ಕಂಟಕವಾಗಬಲ್ಲವೆಂಬ ಸೂಚನೆ 2003ರಲ್ಲಿಯೇ ದೊರೆತಿತ್ತು. ಆ ವರ್ಷ ಹಾಂಗ್‌ಕಾಂಗ್‌ನಲ್ಲಿ ಸಾರ್ಸ್ ರೋಗ ಹರಡಿದಾಗ ಅಧ್ಯಯನಕ್ಕೆ ಒಳಪಡಿಸಲಾದ 536 ರೋಗಿಗಳಲ್ಲಿ 36 ಮಂದಿಯ ಮೂತ್ರಪಿಂಡಗಳು ಹಠಾತ್ತಾಗಿ ಕುಂದಿದವು. ಆ 36 ಮಂದಿಯಲ್ಲಿ 33 ಜನ ಮರಣಹೊಂದಿದರು. ಸಂಖ್ಯೆ ಚಿಕ್ಕದಾಗಿದ್ದುದರಿಂದ ವೈದ್ಯ ವಲಯದ ಹೊರಗೆ ಇದು ಹೆಚ್ಚು ಚರ್ಚೆಗೆ ಬರಲಿಲ್ಲ.

2020ರ ಆರಂಭದಲ್ಲಿ ಚೀನಾದ ವೂಹಾನ್ ನಗರದ ಆಸ್ಪತ್ರೆಯೊಂದಕ್ಕೆ ದಾಖಲಾದ 701 ಕೊರೊನಾ ರೋಗಿಗಳನ್ನು ಪರೀಕ್ಷಿಸಿದಾಗ, ಶೇಕಡ 44ರಷ್ಟು ಜನರ ಮೂತ್ರದಲ್ಲಿ ಬಂದ ದಿನವೇ ಪ್ರೋಟೀನ್ ಕಂಡುಬಂತು. ಆದರೆ ಮೂತ್ರಪಿಂಡಗಳಿಗೆ ಹಠಾತ್ ಹಾನಿಯಾದವರು ಶೇಕಡ 5ರಷ್ಟು ಮಾತ್ರವೇ ಇದ್ದುದರಿಂದ ಇದು ಅಪರೂಪದ ತೊಡಕೆಂದು ಭಾವಿಸಲಾಯಿತು. ಎರಡು ತಿಂಗಳುಗಳೊಳಗೆ ಈ ಭಾವನೆ ಸುಳ್ಳಾಯಿತು. ನ್ಯೂಯಾರ್ಕ್ ಮಹಾನಗರ ಪ್ರದೇಶದ 13 ಆಸ್ಪತ್ರೆಗಳಲ್ಲಿ 2020ರ ಮಾರ್ಚ್ 1ರಿಂದ ಏಪ್ರಿಲ್ 5ರವರೆಗೆ ದಾಖಲಾದ 5,449 ರೋಗಿಗಳ ಪೈಕಿ 1,993 ಮಂದಿಯಲ್ಲಿ, ಅಂದರೆ ಶೇಕಡ 36ಕ್ಕೂ ಹೆಚ್ಚು ಜನರಲ್ಲಿ, ಹಠಾತ್ ಮೂತ್ರಪಿಂಡ ಹಾನಿ ಕಾಣಿಸಿಕೊಂಡಿತು. ವೆಂಟಿಲೇಟರಿನ ಆಸರೆ ಬೇಕಾದವರಲ್ಲಿ ಈ ಪ್ರಮಾಣ ಸುಮಾರು ಶೇಕಡ 90. ಬೇಕಿಲ್ಲದವರಲ್ಲಿ ಸುಮಾರು ಶೇಕಡ 22. ಹಾನಿಗೊಳಗಾದವರಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಜನ ಆಸ್ಪತ್ರೆಗೆ ಬರುವಾಗಲೇ ಅಥವಾ ಬಂದ 24 ಗಂಟೆಗಳೊಳಗೇ ಆ ಸ್ಥಿತಿಯಲ್ಲಿದ್ದರು. ಮನೆಯಲ್ಲಿ ಜ್ವರದಿಂದ ಮಲಗಿದ್ದ ದಿನಗಳಲ್ಲಿಯೇ ಹಾನಿ ಆರಂಭವಾಗಿತ್ತೆಂದು ಇದರಿಂದ ತಿಳಿಯುತ್ತದೆ.

ವೂಹಾನಿನ 5 ಎಲ್ಲಿ, ನ್ಯೂಯಾರ್ಕಿನ 36 ಎಲ್ಲಿ ಎಂಬ ಪ್ರಶ್ನೆ ಏಳುವುದು ಸ್ವಾಭಾವಿಕ. ದಾಖಲಾದವರ ವಯಸ್ಸು, ಅವರಿಗೆ ಮೊದಲಿನಿಂದ ಇದ್ದ ಸಕ್ಕರೆ ಕಾಯಿಲೆ, ರಕ್ತದೊತ್ತಡ ಮತ್ತು ಬೊಜ್ಜು, ರೋಗದ ತೀವ್ರತೆ ಇವೆಲ್ಲವೂ ಊರಿನಿಂದ ಊರಿಗೆ ಬೇರೆಯಾಗುತ್ತವೆ. ಆದ್ದರಿಂದ ಒಂದು ನಗರದ ಶೇಕಡಾವಾರು ಅಂಕಿಯನ್ನು ಮತ್ತೊಂದು ನಗರಕ್ಕೆ ಹಾಗೆಯೇ ಅನ್ವಯಿಸುವುದು ಸರಿಯಾಗಲಾರದು. ಎಲ್ಲೆಡೆಯೂ ಒಂದೇ ಬಗೆಯಾಗಿ ಕಂಡುಬಂದ ಅಂಶವೆಂದರೆ, ರೋಗ ತೀವ್ರವಾದಷ್ಟೂ ಮೂತ್ರಪಿಂಡದ ಹಾನಿ ಹೆಚ್ಚು ಎಂಬುದು. ನ್ಯೂಯಾರ್ಕಿನದೇ ಮತ್ತೊಂದು ಆಸ್ಪತ್ರೆ ಸಮೂಹವಾದ ಮೌಂಟ್ ಸಿನಾಯ್‌ನ 3,993 ರೋಗಿಗಳ ದಾಖಲೆಗಳಲ್ಲಿ, ಮೂತ್ರಪಿಂಡಗಳಿಗೆ ಹಾನಿಯಾದವರ ಪೈಕಿ ಅರ್ಧದಷ್ಟು ಜನ ಆಸ್ಪತ್ರೆಯಲ್ಲಿ ತೀರಿಕೊಂಡರೆ, ಹಾನಿಯಾಗದವರಲ್ಲಿ ಈ ಪ್ರಮಾಣ ಶೇಕಡ 8 ಇತ್ತು.

2020ರ ಏಪ್ರಿಲ್‌ನಲ್ಲಿ ಆ ನಗರದಲ್ಲಿ ವೆಂಟಿಲೇಟರುಗಳ ಕೊರತೆ ಜಗತ್ತಿನಾದ್ಯಂತ ಸುದ್ದಿಯಾಯಿತು. ಅದೇ ವೇಳೆಗೆ ಡಯಾಲಿಸಿಸ್ ಯಂತ್ರಗಳು, ಅವುಗಳಿಗೆ ಬೇಕಾದ ದ್ರವ ಮತ್ತು ತರಬೇತಿ ಪಡೆದ ದಾದಿಯರು ಕೂಡ ಸಾಲದೆ ಹೋದರೆಂಬುದು ಅಷ್ಟಾಗಿ ಸುದ್ದಿಯಾಗಲಿಲ್ಲ. ಈ ರೋಗಿಗಳ ರಕ್ತ ಬೇಗ ಹೆಪ್ಪುಗಟ್ಟುತ್ತಿದ್ದುದರಿಂದ ಯಂತ್ರದ ಸೋಸುಕಗಳು ಮತ್ತೆ ಮತ್ತೆ ಕಟ್ಟಿಕೊಂಡು, ಇದ್ದ ಸಾಮಗ್ರಿಯೂ ವ್ಯರ್ಥವಾಗುತ್ತಿತ್ತು. ಆಗ ಬೆಲ್ವ್ಯೂ ಮೊದಲಾದ ಆಸ್ಪತ್ರೆಗಳ ವೈದ್ಯರು ಹಳೆಯ ವಿಧಾನವೊಂದಕ್ಕೆ ಮರಳಿದರು. ಹೊಟ್ಟೆಯೊಳಗಿನ ಪೊರೆಯನ್ನೇ ಜರಡಿಯಾಗಿ ಬಳಸಿ, ತೆಳು ಕೊಳವೆಯೊಂದರ ಮೂಲಕ ದ್ರವವನ್ನು ಹೊಟ್ಟೆಗೆ ತುಂಬಿ, ಕಲ್ಮಶ ಅದರಲ್ಲಿ ಸೇರಿದ ಬಳಿಕ ಹೊರತೆಗೆಯುವ ವಿಧಾನವಿದು. ಇದನ್ನು ಯಂತ್ರವಿಲ್ಲದೆ, ಕೈಯಿಂದಲೂ ನಡೆಸಬಹುದು. ಡಯಾಲಿಸಿಸ್ ಯಂತ್ರದ ಹುಟ್ಟೇ ಇಂತಹ ಅಭಾವದ ಕಾಲದಲ್ಲಿ ಆಯಿತೆಂಬುದು ಇಲ್ಲಿ ಸ್ಮರಣೀಯ. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಜರ್ಮನ್ ವಶದಲ್ಲಿದ್ದ ಹಾಲೆಂಡಿನ ಕಾಂಪೆನ್ ಎಂಬ ಊರಿನಲ್ಲಿ ಡಾ. ವಿಲೆಮ್ ಕೋಲ್ಫ್ ಅವರು ಸಾಸೇಜ್ ತುಂಬಲು ಬಳಸುವ ಸೆಲೋಫೇನ್ ಕೊಳವೆಯಿಂದಲೇ ತಮ್ಮ ಯಂತ್ರದ ಸೋಸುಕವನ್ನು ರೂಪಿಸಿದ್ದರು.

ಹಾನಿ ಉಂಟಾಗುವ ಬಗೆ

ಮೂತ್ರಪಿಂಡಗಳ ಈ ಹಾನಿಗೆ ಒಂದೇ ಕಾರಣವನ್ನು ಹೇಳಲಾಗದು. ಈ ವೈರಸ್ಸು ಜೀವಕೋಶದೊಳಗೆ ಪ್ರವೇಶಿಸಲು ಏಸ್-2 ಎಂಬ ಪ್ರೋಟೀನನ್ನು ಬಾಗಿಲಿನಂತೆ ಬಳಸಿಕೊಳ್ಳುತ್ತದೆ. ಈ ಪ್ರೋಟೀನ್ ಮೂತ್ರಪಿಂಡದ ನಾಳಿಕೆಗಳಲ್ಲಿ ಹೇರಳವಾಗಿದೆ. ಆದಕಾರಣ ವೈರಸ್ಸು ನೇರವಾಗಿ ಮೂತ್ರಪಿಂಡವನ್ನೇ ಹೊಕ್ಕು ಕೆಡಿಸುತ್ತದೆಯೆಂದು ಮೊದಮೊದಲು ಬಲವಾಗಿ ನಂಬಲಾಗಿತ್ತು. ಚೀನಾದಲ್ಲಿ ಮೃತಪಟ್ಟ 26 ಜನರ ಮೂತ್ರಪಿಂಡಗಳನ್ನು ಪರೀಕ್ಷಿಸಿದ ತಜ್ಞರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ವೈರಸ್ಸಿನಂತಹ ಕಣಗಳನ್ನು ಕಂಡುದಾಗಿ ವರದಿ ಮಾಡಿದರು. ಆದರೆ ಅವು ಜೀವಕೋಶಗಳಲ್ಲಿ ಸಹಜವಾಗಿಯೇ ಇರುವ ರಚನೆಗಳೆಂದು ಬೇರೆ ತಜ್ಞರು ಆಕ್ಷೇಪವೆತ್ತಿದರು. ಕೆಲವರಲ್ಲಿ ವೈರಸ್ಸಿನ ಅಂಶ ಮೂತ್ರಪಿಂಡದಲ್ಲಿ ದೊರೆತಿರುವುದು ನಿಜ. ಆದರೂ ಬಹುಪಾಲು ರೋಗಿಗಳಲ್ಲಿ ಕಂಡುಬಂದ ಹಾನಿಯು ನಾಳಿಕೆಗಳ ಗೋಡೆಗೆ ರಕ್ತ ಹಾಗೂ ಆಮ್ಲಜನಕ ಸಾಲದೆ ಹೋದಾಗ ಆಗುವಂಥದ್ದೇ ಆಗಿದೆ.

ರಕ್ತ ಏಕೆ ಸಾಲದೆ ಹೋಗುತ್ತದೆ? ರೋಗಿಯು ನಾಲ್ಕೈದು ದಿನ ತೀವ್ರ ಜ್ವರದಿಂದ ಬೆವರಿ, ನಾಲಿಗೆ ರುಚಿಗೆಟ್ಟು ಊಟ ನೀರು ಬಿಟ್ಟು, ಕೆಲವೊಮ್ಮೆ ಭೇದಿಯಿಂದಲೂ ಬಳಲಿ ಆಸ್ಪತ್ರೆಗೆ ಬಂದಿರುತ್ತಾನೆ. ದೇಹದ ನೀರಿನಂಶ ಇಳಿದಿರುತ್ತದೆ. ಚೆನ್ನೈ, ಹೈದರಾಬಾದು ಅಥವಾ ದೆಹಲಿಯ ಬೇಸಿಗೆಯಲ್ಲಿ ಇದು ಇನ್ನೂ ಬೇಗ ಸಂಭವಿಸುತ್ತದೆ. ಇಂತಹವರಿಗೆ ನರದ ಮೂಲಕ ದ್ರವ ಕೊಟ್ಟರೆ ಮೂತ್ರಪಿಂಡ ಚೇತರಿಸಿಕೊಳ್ಳುತ್ತದೆ. ಆದರೆ ಉರಿಯೂತದಿಂದ ಒಸರುತ್ತಿರುವ ಶ್ವಾಸಕೋಶಕ್ಕೆ ಅದೇ ದ್ರವ ಹೊರೆಯಾಗುತ್ತದೆ. ದ್ರವ ಹೆಚ್ಚಾದರೆ ಉಸಿರಿಗೆ ಅಪಾಯ, ಕಡಿಮೆಯಾದರೆ ಮೂತ್ರಪಿಂಡಕ್ಕೆ ಅಪಾಯ. ತೀವ್ರ ನಿಗಾ ಘಟಕದ ವೈದ್ಯರು ಪ್ರತಿ ಗಂಟೆಯೂ ತೂಗಿ ನೋಡಬೇಕಾದ ಲೆಕ್ಕವಿದು. ‘ಗ್ಲೂಕೋಸ್ ಬಾಟಲಿ ಏಕೆ ಹಾಕಲಿಲ್ಲ’ ಎಂದು ಬಂಧುಗಳು ವಾರ್ಡಿನ ಬಾಗಿಲಲ್ಲಿ ಕೇಳುವ ಪ್ರಶ್ನೆಗೆ ಉತ್ತರವೂ ಇದರಲ್ಲಿಯೇ ಇದೆ.

ವೆಂಟಿಲೇಟರ್ ಜೀವ ಉಳಿಸುವ ಸಾಧನವಾದರೂ ಅದಕ್ಕೂ ಒಂದು ಬೆಲೆಯುಂಟು. ಯಂತ್ರವು ಒತ್ತಡದಿಂದ ಗಾಳಿಯನ್ನು ಒಳದೂಡುವುದರಿಂದ ಎದೆಗೂಡಿನೊಳಗಿನ ಒತ್ತಡ ಏರಿ, ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ಹೃದಯ ಹೊರದೂಡುವ ರಕ್ತ ತಗ್ಗಿದಾಗ ಮೂತ್ರಪಿಂಡದ ಪಾಲೂ ತಗ್ಗುತ್ತದೆ. ಮೇಲೆ ಹೇಳಿದ 13 ಆಸ್ಪತ್ರೆಗಳ ಅಧ್ಯಯನದಲ್ಲಿ, ವೆಂಟಿಲೇಟರಿಗೆ ಒಳಪಟ್ಟು ಮೂತ್ರಪಿಂಡ ಹಾನಿಗೂ ಈಡಾದವರ ಪೈಕಿ ಸುಮಾರು ಅರ್ಧ ಜನರಲ್ಲಿ ಆ ಹಾನಿ ಕಂಡುಬಂದದ್ದು ಕೊಳವೆ ಹಾಕಿದ 24 ಗಂಟೆಗಳ ಆಸುಪಾಸಿನಲ್ಲಿಯೇ. ಇವುಗಳ ಜೊತೆಗೆ ದೇಹದ ರಕ್ಷಣಾ ವ್ಯವಸ್ಥೆ ಮಿತಿಮೀರಿ ಕೆರಳುವುದು, ಸಣ್ಣ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದು, ಬ್ಯಾಕ್ಟೀರಿಯಾ ಸೋಂಕು ತಗಲಿ ರಕ್ತದೊತ್ತಡ ಕುಸಿಯುವುದು ಇವೂ ಕಾರಣಗಳಾಗಿವೆ.

ಗುರುತಿಸುವುದು ಹೇಗೆ

ಸ್ನಾಯುಗಳಲ್ಲಿ ಉತ್ಪತ್ತಿಯಾಗುವ ಕ್ರಿಯಾಟಿನಿನ್ ಎಂಬ ತ್ಯಾಜ್ಯವನ್ನು ಮೂತ್ರಪಿಂಡಗಳು ಹೊರಹಾಕುತ್ತವೆ. ಅವು ಕುಂದಿದಾಗ ರಕ್ತದಲ್ಲಿ ಇದರ ಮಟ್ಟ ಏರುತ್ತದೆ. 48 ಗಂಟೆಗಳೊಳಗೆ ಈ ಮಟ್ಟ ಪ್ರತಿ ಡೆಸಿಲೀಟರಿಗೆ 0.3 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಏರಿದರೆ, ಅಥವಾ ಏಳು ದಿನಗಳಲ್ಲಿ ಮೊದಲಿದ್ದುದರ ಒಂದೂವರೆ ಪಟ್ಟಾದರೆ, ಅದನ್ನು ಹಠಾತ್ ಮೂತ್ರಪಿಂಡ ಹಾನಿಯೆಂದು ಪರಿಗಣಿಸಲಾಗುತ್ತದೆ. ಆರು ಗಂಟೆಗಳ ಕಾಲ ಮೂತ್ರದ ಪ್ರಮಾಣ ದೇಹತೂಕದ ಪ್ರತಿ ಕಿಲೋಗೆ ಗಂಟೆಗೆ ಅರ್ಧ ಮಿಲಿಲೀಟರಿಗಿಂತ ಕಡಿಮೆಯಾದರೂ ಅದೇ ಅರ್ಥ. 60 ಕಿಲೋ ತೂಕದ ವ್ಯಕ್ತಿಯು ಆರು ಗಂಟೆಗಳಲ್ಲಿ 180 ಮಿಲಿಲೀಟರ್, ಅಂದರೆ ಒಂದು ಸಾಮಾನ್ಯ ಲೋಟದಷ್ಟು ಮೂತ್ರವನ್ನೂ ವಿಸರ್ಜಿಸದಿದ್ದರೆ ಎಚ್ಚರ ವಹಿಸಬೇಕೆಂದು ಇದರ ತಾತ್ಪರ್ಯ.

ಇಲ್ಲಿ ಸಾಮಾನ್ಯವಾಗಿ ಆಗುವ ಒಂದು ತಪ್ಪನ್ನು ಗಮನಿಸಬೇಕು. ಪ್ರಯೋಗಾಲಯದ ವರದಿಗಳಲ್ಲಿ ಕ್ರಿಯಾಟಿನಿನ್ನಿನ ಸಹಜ ಮಟ್ಟ 0.6ರಿಂದ 1.2 ಅಥವಾ ಅದರ ಆಸುಪಾಸು ಎಂದು ಮುದ್ರಿತವಾಗಿರುತ್ತದೆ. ಮೊದಲು 0.8 ಇದ್ದ ಮಹಿಳೆಯೊಬ್ಬರ ಮಟ್ಟ ಒಂದು ವಾರದಲ್ಲಿ 1.2ಕ್ಕೆ ಏರಿದರೆ ವರದಿಯಲ್ಲಿ ಯಾವ ಗುರುತೂ ಇರುವುದಿಲ್ಲ; ಎಲ್ಲವೂ ಸರಿಯಾಗಿದೆಯೆಂದು ಮನೆಯವರು ನಿಶ್ಚಿಂತರಾಗುತ್ತಾರೆ. ವಾಸ್ತವವಾಗಿ ಅದು ಒಂದೂವರೆ ಪಟ್ಟು ಏರಿಕೆ, ಅಂದರೆ ಹಾನಿಯ ಲಕ್ಷಣ. ಹಳೆಯ ವರದಿ ಕೈಯಲ್ಲಿದ್ದರೆ ಮಾತ್ರ ಇದು ಗೊತ್ತಾಗುತ್ತದೆ. ಉದ್ಯೋಗ ನಿಮಿತ್ತ ಊರಿಂದೂರಿಗೆ ತೆರಳುವ ಕುಟುಂಬಗಳು ಪಾತ್ರೆಪಗಡಗಳನ್ನು ಜೋಪಾನವಾಗಿ ಸಾಗಿಸಿ, ಇಂತಹ ಕಾಗದಗಳನ್ನು ಹಳೆಯ ಮನೆಯಲ್ಲಿಯೇ ಬಿಟ್ಟುಬರುವುದುಂಟು. ಮುಂಬಯಿಯ ವರದಿ ಬೆಂಗಳೂರಿನ ವೈದ್ಯರಿಗೂ, ಹುಬ್ಬಳ್ಳಿಯ ವರದಿ ಪುಣೆಯ ವೈದ್ಯರಿಗೂ ಅಷ್ಟೇ ಉಪಯುಕ್ತವಾಗಿರುತ್ತದೆ.

ಔಷಧಿಗಳ ವಿಷಯ

ಜ್ವರ ಮತ್ತು ಮೈಕೈ ನೋವಿಗೆ ಅಂಗಡಿಯಿಂದ ತಾವೇ ಕೊಂಡು ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಂತಾದ ನೋವುನಿವಾರಕಗಳು ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನು ತಗ್ಗಿಸುತ್ತವೆ. ನೀರಿನಂಶ ಇಳಿದಿರುವ ರೋಗಿಗೆ, ವಿಶೇಷವಾಗಿ ವೃದ್ಧರಿಗೆ ಮತ್ತು ಸಕ್ಕರೆ ಕಾಯಿಲೆಯವರಿಗೆ, ಇವು ಅಪಾಯಕಾರಿ. ಪ್ಯಾರಸಿಟಮಾಲ್ ಮಾತ್ರೆಯನ್ನು ನಿಗದಿತ ಪ್ರಮಾಣದಲ್ಲಿ ಸೇವಿಸುವುದು ಇವುಗಳಿಗಿಂತ ಕ್ಷೇಮಕರ. ರೋಗನಿರೋಧಕ ಶಕ್ತಿ ಹೆಚ್ಚುವುದೆಂದು 2020ರಿಂದ ಜನ ಧಾರಾಳವಾಗಿ ಸೇವಿಸಿದ ವಿಟಮಿನ್ ಸಿ ಮಾತ್ರೆಗಳು ಕೂಡ ಅತಿಯಾದರೆ ದೇಹದಲ್ಲಿ ಆಕ್ಸಲೇಟ್ ಆಗಿ ಮಾರ್ಪಟ್ಟು, ಮೂತ್ರಪಿಂಡದಲ್ಲಿ ಹರಳುಗಟ್ಟಬಲ್ಲವು. ನೆಲ್ಲಿಕಾಯಿ ನಿಂಬೆಹಣ್ಣುಗಳನ್ನು ಆಹಾರದಲ್ಲಿ ಬಳಸುವುದಕ್ಕೆ ಈ ಮಾತು ಅನ್ವಯಿಸುವುದಿಲ್ಲ.

ಇದಕ್ಕೆ ವ್ಯತಿರಿಕ್ತವಾದ ತಪ್ಪೂ ನಡೆದಿದೆ. ರಾಮಿಪ್ರಿಲ್, ಎನಲಾಪ್ರಿಲ್, ಲೊಸಾರ್ಟನ್, ಟೆಲ್ಮಿಸಾರ್ಟನ್ ಮೊದಲಾದ ರಕ್ತದೊತ್ತಡದ ಮಾತ್ರೆಗಳು ಏಸ್-2 ಪ್ರೋಟೀನನ್ನು ಹೆಚ್ಚಿಸಿ ವೈರಸ್ಸಿಗೆ ದಾರಿ ಮಾಡಿಕೊಡಬಹುದೆಂಬ ಶಂಕೆ 2020ರ ಮಾರ್ಚಿನಲ್ಲಿ ಹಬ್ಬಿದಾಗ, ಇವನ್ನು ನಿಲ್ಲಿಸಬೇಕೇ ಎಂಬ ಗೊಂದಲ ಅನೇಕ ದೇಶಗಳಲ್ಲಿ ಉಂಟಾಯಿತು. ಸಕ್ಕರೆ ಕಾಯಿಲೆಯುಳ್ಳ ಅನೇಕರಿಗೆ ಈ ಮಾತ್ರೆಗಳು ಮೂತ್ರಪಿಂಡವನ್ನು ರಕ್ಷಿಸುವ ಸಾಧನವೂ ಹೌದು. ಬ್ರೆಜಿಲ್ ದೇಶದಲ್ಲಿ ಆಸ್ಪತ್ರೆಗೆ ದಾಖಲಾದ 659 ರೋಗಿಗಳಲ್ಲಿ ಅರ್ಧ ಜನರಿಗೆ ಮಾತ್ರೆ ನಿಲ್ಲಿಸಿ, ಉಳಿದವರಿಗೆ ಮುಂದುವರಿಸಿ ನೋಡಲಾಯಿತು. ನಿಲ್ಲಿಸಿದ್ದರಿಂದ ಪ್ರಯೋಜನವೇನೂ ಆಗಲಿಲ್ಲ. ವಾಂತಿಭೇದಿಯಾಗಿ ರಕ್ತದೊತ್ತಡ ಕುಸಿದಾಗ ವೈದ್ಯರು ಇವನ್ನು ಕೆಲವು ದಿನ ತಡೆಹಿಡಿಯುವುದುಂಟು. ಆದರೆ ಆ ನಿರ್ಧಾರ ವೈದ್ಯರದಾಗಿರಬೇಕು.

2021ರ ಎರಡನೆಯ ಅಲೆಯ ಕಾಲದಲ್ಲಿ ಭಾರತದಲ್ಲಿ ವ್ಯಾಪಕವಾಗಿ ಕಂಡುಬಂದ ಕಪ್ಪು ಶಿಲೀಂಧ್ರ ರೋಗದ ಚಿಕಿತ್ಸೆಯೂ ಮೂತ್ರಪಿಂಡಗಳಿಗೆ ಪರೀಕ್ಷೆಯಾಯಿತು. ಇದಕ್ಕೆ ಬಳಸುವ ಆಂಫೊಟೆರಿಸಿನ್-ಬಿ ಪರಿಣಾಮಕಾರಿಯಾದರೂ ಮೂತ್ರಪಿಂಡವನ್ನು ಕೆಡಿಸಬಲ್ಲ ಔಷಧಿ. ಕೊಬ್ಬಿನ ಪೊರೆಯಲ್ಲಿ ಅಡಗಿಸಿ ತಯಾರಿಸಿದ ಅದರ ಲೈಪೊಸೋಮಲ್ ರೂಪ ಕಡಿಮೆ ಹಾನಿಕರ. ಆದರೆ ಆ ವರ್ಷ ಅದಕ್ಕೆ ತೀವ್ರ ಅಭಾವ ಉಂಟಾಯಿತು. ಅಂದು ಈ ಚುಚ್ಚುಮದ್ದನ್ನು ಪಡೆದು ಉಳಿದವರು ತಮ್ಮ ಮೂತ್ರಪಿಂಡಗಳನ್ನು ಪರೀಕ್ಷಿಸಿಕೊಳ್ಳುವುದು ಇತರರಿಗಿಂತ ಹೆಚ್ಚು ಅಗತ್ಯ.

ಡಯಾಲಿಸಿಸ್ ಅವಲಂಬಿಸಿದವರು

ಸೋಂಕು ತಗಲದೆಯೂ ಈ ರೋಗದಿಂದ ನಲುಗಿದವರೆಂದರೆ ವಾರಕ್ಕೆ ಎರಡು ಮೂರು ಬಾರಿ ಡಯಾಲಿಸಿಸ್ ಮಾಡಿಸಿಕೊಳ್ಳುವ ರೋಗಿಗಳು. 2020ರ ಮಾರ್ಚ್ 25ರಿಂದ ದೇಶದಾದ್ಯಂತ ಸಂಚಾರ ನಿರ್ಬಂಧ ಜಾರಿಗೆ ಬಂದಾಗ ಬಸ್ಸು ರೈಲುಗಳು ನಿಂತವು. ಭಾರತದ 19 ಪ್ರಮುಖ ಆಸ್ಪತ್ರೆಗಳ 2,517 ಡಯಾಲಿಸಿಸ್ ರೋಗಿಗಳ ಸ್ಥಿತಿಯನ್ನು ಪರಿಶೀಲಿಸಿದಾಗ 710 ಮಂದಿ ಒಂದು ಅಥವಾ ಹೆಚ್ಚು ಸರದಿಗಳನ್ನು ತಪ್ಪಿಸಿಕೊಂಡಿದ್ದರು. 104 ಮಂದಿ ಬರುವುದನ್ನೇ ನಿಲ್ಲಿಸಿದ್ದರು. ಡಯಾಲಿಸಿಸ್ ತಪ್ಪಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲುವ, ಶ್ವಾಸಕೋಶದಲ್ಲಿ ನೀರು ತುಂಬುವ ಭೀತಿಯಿರುತ್ತದೆ. ಸೋಂಕಿತರಾದ ಡಯಾಲಿಸಿಸ್ ರೋಗಿಗಳ ಚಿಕಿತ್ಸೆಗೆ ಕೇಂದ್ರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವಾಲಯವು 2020ರಲ್ಲಿಯೇ ಮಾರ್ಗಸೂಚಿಗಳನ್ನು ಹೊರಡಿಸಿತು. ಬಡತನ ರೇಖೆಗಿಂತ ಕೆಳಗಿರುವವರಿಗೆ ಉಚಿತ ಡಯಾಲಿಸಿಸ್ ಒದಗಿಸುವ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವು 2016ರಲ್ಲಿ ಆರಂಭಗೊಂಡಿದ್ದು, 2019ರಲ್ಲಿ ಮನೆಯಲ್ಲಿಯೇ ಮಾಡಿಕೊಳ್ಳಬಹುದಾದ ಹೊಟ್ಟೆಪೊರೆಯ ಡಯಾಲಿಸಿಸ್ ವಿಧಾನವನ್ನೂ ಅದಕ್ಕೆ ಸೇರಿಸಲಾಯಿತು.

ಮೂತ್ರಪಿಂಡ ಕಸಿ ಮಾಡಿಸಿಕೊಂಡವರು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಗಳನ್ನು ಸೇವಿಸುವುದರಿಂದ ಅವರಲ್ಲಿ ಲಸಿಕೆಯ ಪರಿಣಾಮ ಇತರರಷ್ಟು ಇರುವುದಿಲ್ಲ. ಆದುದರಿಂದ ಅವರು ಜ್ವರ ಕಾಣಿಸಿಕೊಂಡ ದಿನವೇ ವೈದ್ಯರಿಗೆ ತಿಳಿಸಬೇಕು.

ಆಸ್ಪತ್ರೆಯಿಂದ ಮರಳಿದ ನಂತರ

ಹಾನಿಗೊಂಡ ಮೂತ್ರಪಿಂಡಗಳು ಅನೇಕರಲ್ಲಿ ಪೂರ್ಣವಾಗಿ ಚೇತರಿಸಿಕೊಳ್ಳುತ್ತವೆ. ಡಯಾಲಿಸಿಸ್ ಬೇಕಾದವರಲ್ಲಿಯೂ ಕೆಲವರು ವಾರಗಳ ಬಳಿಕ ಅದರಿಂದ ಮುಕ್ತರಾಗಿದ್ದಾರೆ. ಆದರೆ ಎಲ್ಲರ ವಿಷಯದಲ್ಲಿಯೂ ಹೀಗಾಗಿಲ್ಲ. ಮೌಂಟ್ ಸಿನಾಯ್ ಅಧ್ಯಯನದಲ್ಲಿ ಬದುಕುಳಿದು ಮನೆಗೆ ಮರಳಿದವರ ಪೈಕಿ ಶೇಕಡ 35 ಜನರ ಮೂತ್ರಪಿಂಡಗಳು ಬಿಡುಗಡೆಯ ವೇಳೆಗೆ ಮೊದಲಿನ ಸ್ಥಿತಿಗೆ ಮರಳಿರಲಿಲ್ಲ. ಅವರಲ್ಲಿ ಮುಂದೆ ಪರೀಕ್ಷೆಗೆ ಬಂದವರ ಪೈಕಿ ಸುಮಾರು ಮೂರನೆಯ ಒಂದು ಭಾಗದವರು ಮಾತ್ರ ಚೇತರಿಸಿಕೊಂಡಿದ್ದರು. ಅಮೆರಿಕದ ನಿವೃತ್ತ ಸೈನಿಕರ ಆರೋಗ್ಯ ದಾಖಲೆಗಳನ್ನು ಆಧರಿಸಿ 2021ರಲ್ಲಿ ಪ್ರಕಟವಾದ ಅಧ್ಯಯನವು, ಸೋಂಕಿನಿಂದ ಒಂದು ತಿಂಗಳು ಕಳೆದು ಬದುಕುಳಿದ 89,216 ಜನರನ್ನು ಸೋಂಕು ತಗಲದವರೊಡನೆ ಹೋಲಿಸಿತು. ಸೋಂಕಿತರಲ್ಲಿ ಮೂತ್ರಪಿಂಡಗಳ ಶಕ್ತಿ ಕುಗ್ಗುವ ಸಂಭವ ಹೆಚ್ಚಿತ್ತು. ತೀವ್ರ ನಿಗಾ ಘಟಕದಲ್ಲಿದ್ದವರಲ್ಲಿ ಅತ್ಯಧಿಕವಾಗಿತ್ತು. ಇವರಲ್ಲಿ ಬಹುತೇಕರು ವಯಸ್ಸಾದ ಪುರುಷರಾದುದರಿಂದ ಇದನ್ನು ಎಲ್ಲರಿಗೂ ಅದೇ ಅಳತೆಯಲ್ಲಿ ಅನ್ವಯಿಸಲಾಗದು.

ಆಸ್ಪತ್ರೆಯಲ್ಲಿ ಮೂತ್ರಪಿಂಡಗಳಿಗೆ ಹಾನಿಯಾದ ಪ್ರತಿಯೊಬ್ಬರನ್ನೂ ಮೂರು ತಿಂಗಳ ನಂತರ ಮರುಪರೀಕ್ಷಿಸಬೇಕೆಂಬುದು ಅಂತರರಾಷ್ಟ್ರೀಯ ತಜ್ಞರ ಶಿಫಾರಸು. ಹಾನಿ ಮೂರು ತಿಂಗಳಿಗೂ ಮೀರಿ ಉಳಿದರೆ ಅದು ದೀರ್ಘಕಾಲೀನ ರೋಗವೆನಿಸುತ್ತದೆ. ತೊಡಕೆಂದರೆ, ತಮಗೆ ಅಂತಹ ಹಾನಿಯಾಗಿತ್ತೆಂಬುದೇ ಎಷ್ಟೋ ಜನರಿಗೆ ತಿಳಿಯದು. ಹಾಸಿಗೆಗಳಿಗಾಗಿ ಸಾಲು ನಿಂತಿದ್ದ ಆ ದಿನಗಳಲ್ಲಿ ಉಸಿರಾಟ ಸುಧಾರಿಸಿದೊಡನೆ ರೋಗಿಯನ್ನು ಕಳುಹಿಸಿಕೊಡುವುದು ಅನಿವಾರ್ಯವಾಗಿತ್ತು. ಉಳಿದ ವಿವರಣೆಗೆ ಬಿಡುವಿರಲಿಲ್ಲ.

ಆದರೆ ಡಿಸ್‌ಚಾರ್ಜ್ ಸಮ್ಮರಿ ಎಂದು ಕರೆಯಲಾಗುವ ಬಿಡುಗಡೆ ಪತ್ರದಲ್ಲಿ ಅಥವಾ ಅದರೊಡನೆ ಲಗತ್ತಿಸಿದ ವರದಿಗಳಲ್ಲಿ ಕ್ರಿಯಾಟಿನಿನ್ ಎಂಬ ಪದದ ಮುಂದೆ ದಿನಾಂಕವಾರು ಅಂಕಿಗಳು ಸಾಮಾನ್ಯವಾಗಿ ಇದ್ದೇ ಇರುತ್ತವೆ. ದಾಖಲಾದ ದಿನದ ಅಂಕಿ, ನಡುವಿನ ಅತಿ ಹೆಚ್ಚಿನ ಅಂಕಿ ಮತ್ತು ಬಿಡುಗಡೆಯ ದಿನದ ಅಂಕಿ ಈ ಮೂರನ್ನು ಗುರುತಿಸಿಕೊಂಡರೆ ಸಾಕು. ಅನಂತರ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿಯೋ ಪ್ರಯೋಗಾಲಯದಲ್ಲಿಯೋ ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಆಲ್ಬುಮಿನ್ ಪರೀಕ್ಷೆಗಳನ್ನು ಮಾಡಿಸಿ, ರಕ್ತದೊತ್ತಡವನ್ನೂ ನೋಡಿಸಿಕೊಳ್ಳಬೇಕು. ಮೂತ್ರದ ಪರೀಕ್ಷೆಯನ್ನು ಬಿಡುವಂತಿಲ್ಲ. ಕ್ರಿಯಾಟಿನಿನ್ ಸಹಜವಾಗಿದ್ದರೂ ಜರಡಿಯಲ್ಲಿ ಸೋರಿಕೆಯಿದ್ದರೆ ಅದನ್ನು ತೋರಿಸುವುದು ಆಲ್ಬುಮಿನ್ ಪರೀಕ್ಷೆಯೇ. ಮರಳಿ ವೈದ್ಯರ ಬಳಿಗೆ ಹೋಗುವಾಗ ಹೊಸ ವರದಿಯೊಡನೆ ಆಸ್ಪತ್ರೆಯ ಹಳೆಯ ಕಾಗದಗಳನ್ನೂ, ಪ್ರತಿದಿನ ಸೇವಿಸುವ ಮಾತ್ರೆಗಳ ಪಟ್ಟಿಯನ್ನೂ ಒಯ್ಯುವುದು ಅವಶ್ಯಕ.